ಹಿಡಿದ ಬೋಲ್ಟು ಬಿಡಿಸುವ ವಿದ್ಯೆ: ಸ್ನೋಮೊಬೈಲ್ ರಿಪೇರಿಯ ಚರಿತ್ರೆ

ಸ್ನೋಮೊಬೈಲ್ ರಿಪೇರಿಯಲ್ಲಿ ಹೊಸ ಭಾಗ ಕೂಡಿಸುವುದು ಸಣ್ಣ ಕೆಲಸ, ಹಳೆಯದನ್ನು ಬಿಡಿಸುವುದೇ ದೊಡ್ಡದು. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರಿನ ಪಟ್ಟಿ, ನಡುವೆ ಎಂಜಿನ್, ಅದರ ಮೇಲೆ ಸೀಟು: ಈ ಹಿಮವಾಹನದ ಮೈಕಟ್ಟು ಇಷ್ಟೇ. ವರ್ಷದ ಮೂರು ನಾಲ್ಕು ತಿಂಗಳು ಅದು ಹಿಮದಲ್ಲಿ ಓಡುತ್ತದೆ, ಉಳಿದ ಎಂಟೊಂಬತ್ತು ತಿಂಗಳು ಶೆಡ್ಡಿನ ಮೂಲೆಯಲ್ಲಿ ನಿಂತಿರುತ್ತದೆ. ಹಿಮದಲ್ಲಿ ನೆನೆದ ಲೋಹ ನಿಂತಲ್ಲೇ ತುಕ್ಕು ಹಿಡಿದು ಪಕ್ಕದ ಲೋಹವನ್ನು ಕಚ್ಚಿಕೊಳ್ಳುತ್ತದೆ. ಬೋಲ್ಟು ತಿರುಗುವುದಿಲ್ಲ, ಬೇರಿಂಗ್ ಉರುಳುವುದಿಲ್ಲ, ಪಿಸ್ಟನ್ ಅಲ್ಲಾಡುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು ಸೀಜ್ ಆಗುವುದು ಎನ್ನುತ್ತಾರೆ, ಕರ್ನಾಟಕದ ಗ್ಯಾರೇಜುಗಳಲ್ಲೂ ಬಳಕೆಯಲ್ಲಿರುವುದು ಇದೇ ಮಾತು. ಕೆನಡಾದ ಕ್ವಿಬೆಕ್‌ನಿಂದ ಅಮೆರಿಕದ ವಿಸ್ಕಾನ್ಸಿನ್, ಮಿನೆಸೊಟಾವರೆಗೆ ಹಬ್ಬಿದ ಹಿಮಸೀಮೆಯಲ್ಲಿ ಇಂಥ ಭಾಗಗಳನ್ನು ಮಾಲೀಕರೇ ಮನೆಯಲ್ಲಿ ಬಿಡಿಸಿಕೊಳ್ಳುವ ರೂಢಿ ಬೇರುಬಿಟ್ಟಿದೆ. ಆ ರೂಢಿ ಈ ವಾಹನದಷ್ಟೇ ಹಳೆಯದು.

ವಾಹನ ಹುಟ್ಟಿದ್ದೇ ಹಳೆಯ ಸಾಮಾನಿನಿಂದ. ವಿಸ್ಕಾನ್ಸಿನ್‌ನ ಸೇನರ್ ಎಂಬ ಸಣ್ಣ ಊರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಕಾರ್ಲ್ ಎಲಿಯಾಸನ್ ಅವರ ಪಾದದಲ್ಲಿ ಊನವಿತ್ತು. ಗೆಳೆಯರು ಹಿಮದಲ್ಲಿ ಬೇಟೆಗೆ ಹೊರಟರೆ ಅವರಿಗೆ ಸರಿಸಮನಾಗಿ ನಡೆಯಲು ಆಗುತ್ತಿರಲಿಲ್ಲ. 1924ರಲ್ಲಿ ಅವರು ಅಂಗಡಿಯ ಹಿಂದಿನ ಗ್ಯಾರೇಜಿನಲ್ಲಿ ಉದ್ದನೆಯ ಮರದ ಜಾರುಬಂಡಿಗೆ ದೋಣಿಯ ಎರಡೂವರೆ ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರ್, ಸೈಕಲ್ಲಿನ ಬಿಡಿಭಾಗ, ಹಳೆಯ ಸ್ಕೀ ಎಲ್ಲವೂ ಅದರಲ್ಲಿ ಸೇರಿಕೊಂಡವು. ‘ಮೋಟರ್ ಟೊಬಾಗನ್’ ಎಂಬ ಆ ಬಂಡಿಗೆ 1927ರಲ್ಲಿ ಪೇಟೆಂಟ್ ದೊರೆಯಿತು.

ಕ್ವಿಬೆಕ್‌ನ ವಾಲ್ಕೂರ್ ಊರಿನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯರ್ ಅವರದೂ ಗ್ಯಾರೇಜಿನ ಕೈ. 1922ರ ಕೊನೆಯ ದಿನ, ಹದಿನೈದರ ಹುಡುಗ, ಹಳೆಯ ಫೋರ್ಡ್ ಎಂಜಿನ್ನಿಗೆ ಮರದ ಪ್ರೊಪೆಲ್ಲರ್ ಕಟ್ಟಿ ತಮ್ಮನೊಂದಿಗೆ ಊರ ಬೀದಿಯಲ್ಲಿ ಹಿಮದ ಮೇಲೆ ಓಡಿಸಿದ. ತಿರುಗುವ ಪ್ರೊಪೆಲ್ಲರ್ ಕಂಡು ಗಾಬರಿಯಾದ ತಂದೆ ಅದನ್ನು ಬಿಚ್ಚಿಹಾಕಲು ಹೇಳಿದರು. ನಾಲ್ಕು ವರ್ಷದ ನಂತರ ಬೊಂಬಾರ್ಡಿಯರ್ ಸ್ವಂತ ಗ್ಯಾರೇಜ್ ತೆರೆದರು. ಚಳಿಗಾಲದಲ್ಲಿ ಆ ಕಡೆಯ ಹಳ್ಳಿರಸ್ತೆಗಳು ಹಿಮದಡಿ ಮುಚ್ಚಿಹೋಗಿ ಕಾರುಗಳು ಮನೆಯಲ್ಲೇ ಉಳಿಯುತ್ತಿದ್ದವು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ಸೋಂಕು ತಗುಲಿತು. ಸುಮಾರು 50 ಕಿ.ಮೀ. ದೂರದ ಶೆರ್ಬ್ರೂಕ್‌ನಲ್ಲಿ ಆಸ್ಪತ್ರೆಯಿದ್ದರೂ ಅಲ್ಲಿಗೆ ಮುಟ್ಟಿಸುವ ವಾಹನ ಇರಲಿಲ್ಲ, ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ವಾಹನಕ್ಕಾಗಿ ಅವರು ಅದಕ್ಕೂ ಮೊದಲೇ ವರ್ಷಗಟ್ಟಲೆ ಹೆಣಗಿದ್ದರು. 1935ರಲ್ಲಿ ರಬ್ಬರು ಹೊದಿಸಿದ ಹಲ್ಲುಚಕ್ರ ಮತ್ತು ಪಟ್ಟಿಯ ಜೋಡಣೆ ಕೈಗೂಡಿತು, 1937ರಲ್ಲಿ ಅದಕ್ಕೆ ಪೇಟೆಂಟ್ ಬಂತು. ಏಳು ಜನ, ಮುಂದೆ ಹನ್ನೆರಡು ಜನ ಕೂರುವ ದೊಡ್ಡ ಹಿಮವಾಹನಗಳು ಹಳ್ಳಿಗಾಡಿನ ವೈದ್ಯರಿಗೂ ಅಂಚೆಗೂ ಶಾಲೆಯ ಮಕ್ಕಳಿಗೂ ಒದಗಿಬಂದವು. 1948ರಲ್ಲಿ ಹಳ್ಳಿರಸ್ತೆಗಳ ಹಿಮ ತೆಗೆಯುವ ಕಾನೂನು ಕ್ವಿಬೆಕ್‌ನಲ್ಲಿ ಜಾರಿಯಾದಾಗ ಆ ದೊಡ್ಡ ವಾಹನಗಳ ವ್ಯಾಪಾರ ಅರ್ಧದಷ್ಟು ಕುಸಿಯಿತು. ಒಬ್ಬಿಬ್ಬರು ಕೂರುವ ಚಿಕ್ಕ ಬಂಡಿಯ ಹಳೆಯ ಕನಸು 1959ರಲ್ಲಿ ಸ್ಕೀ-ಡೂ ಹೆಸರಿನಲ್ಲಿ ಕೈಗೆ ಬಂತು. ಮೊದಲ ವರ್ಷ ಮಾರಾಟವಾದದ್ದು 225.

ಮಿನೆಸೊಟಾದ ರೋಸೋ ಊರಿನಲ್ಲಿ ಈ ಕಥೆ ರೈತರ ಉಪಕರಣ ಮಾಡುವ ಒಂದು ವರ್ಕ್‌ಶಾಪಿನಿಂದ ಶುರುವಾಗುತ್ತದೆ. 1956ರ ಆರಂಭದಲ್ಲಿ ಡೇವಿಡ್ ಜಾನ್ಸನ್ ಅಲ್ಲಿ ಧಾನ್ಯ ಸಾಗಿಸುವ ಕನ್ವೇಯರಿನ ಪಟ್ಟಿ, ಶೆವ್ರೊಲೆ ಕಾರಿನ ಬಂಪರಿನಿಂದ ಮಾಡಿದ ಸ್ಕೀ ಮತ್ತು ಸಣ್ಣದೊಂದು ಎಂಜಿನ್ ಕೂಡಿಸಿ ಬಂಡಿ ಕಟ್ಟಿದರು. ಪಾಲುದಾರ ಎಡ್ಗರ್ ಹೆಟೀನ್ ಆಗ ಊರಲ್ಲಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ಕಂಪನಿ ಆ ಬಂಡಿಯನ್ನು ಊರಿನ ಮರದ ವ್ಯಾಪಾರಿಗೆ 465 ಡಾಲರಿಗೆ ಮಾರಿತು. ಅದೇ ವರ್ಕ್‌ಶಾಪು ಪೊಲಾರಿಸ್ ಕಂಪನಿಯ ತವರು. ಹೆಟೀನ್ ಕೆಲವು ವರ್ಷಗಳಲ್ಲಿ ಅಲ್ಲಿಂದ ಹೊರಬಂದು ಥೀಫ್ ರಿವರ್ ಫಾಲ್ಸ್ ಊರಿನಲ್ಲಿ ಆರ್ಕ್ಟಿಕ್ ಕ್ಯಾಟ್‌ಗೆ ಬುನಾದಿ ಹಾಕಿದರು. ಹಳೆಯ ಕಾರು ಬಿಚ್ಚಿ ಭಾಗ ತೆಗೆಯುವವನಿಗೆ ತುಕ್ಕು ಹಿಡಿದ ನಟ್ಟು ಬಿಡಿಸುವುದು ಮೊದಲ ಪಾಠ. ಈ ವಾಹನ ಕಟ್ಟಿದವರೆಲ್ಲ ಆ ಪಾಠ ಕಲಿತವರೇ, ಕೊಂಡವರಲ್ಲಿ ಬಹಳ ಮಂದಿ ಅದೇ ಊರುಗಳ ರೈತರು, ಮರ ಕಡಿಯುವವರು. ಕೆಟ್ಟರೆ ತಾವೇ ಬಿಚ್ಚಿ ನೋಡುವುದು ಅವರಿಗೆ ಸಹಜವಾಗಿತ್ತು.

ಈ ಸ್ವಭಾವವನ್ನು ಅನಿವಾರ್ಯವಾಗಿಸಿದ್ದು 1970ರ ದಶಕ. 1971ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಐದು ಲಕ್ಷದ ಸಮೀಪ ಸ್ನೋಮೊಬೈಲ್‌ಗಳು ಮಾರಾಟವಾಗುತ್ತಿದ್ದವು, ತಯಾರಕರ ಸಂಖ್ಯೆ ನೂರು ದಾಟಿತ್ತು. 1973ರ ತೈಲ ಬಿಕ್ಕಟ್ಟು, ಹಿಮ ಕಡಿಮೆ ಬಿದ್ದ ಚಳಿಗಾಲಗಳು, ಮಿತಿಮೀರಿದ ಪೈಪೋಟಿ ಎಲ್ಲ ಸೇರಿ ಆ ಸಂತೆ ಕೆಲವೇ ವರ್ಷಗಳಲ್ಲಿ ಕರಗಿತು. 1980ರ ದಶಕದಲ್ಲಿ ಗಟ್ಟಿಯಾಗಿ ಉಳಿದ ಹೆಸರು ನಾಲ್ಕೇ: ಸ್ಕೀ-ಡೂ, ಪೊಲಾರಿಸ್, ಆರ್ಕ್ಟಿಕ್ ಕ್ಯಾಟ್, ಯಮಾಹಾ. ಆರ್ಕ್ಟಿಕ್ ಕ್ಯಾಟ್ ಕೂಡ 1981ರಲ್ಲಿ ದಿವಾಳಿಯಾಗಿ ಎರಡು ವರ್ಷದ ಮೇಲೆ ಮತ್ತೆ ಎದ್ದು ನಿಂತದ್ದು. ಕಂಪನಿ ಮುಚ್ಚಿತು, ಬಂಡಿ ಮನೆಯಲ್ಲೇ ಉಳಿಯಿತು. ಬಿಡಿಭಾಗ ಕೊಡುವ ಡೀಲರ್ ಇಲ್ಲ, ಒಂದು ಶಾಫ್ಟ್ ಮುರಿದರೆ ಇನ್ನೊಂದು ಸಿಗುವುದು ಮತ್ತೊಂದು ಹಳೆಯ ಬಂಡಿಯ ಹೊಟ್ಟೆಯಲ್ಲೇ. ಹೀಗಾಗಿ ಹಿಡಿದುಕೊಂಡ ಭಾಗವನ್ನು ಗರಗಸ ಹಾಕಿ ಕತ್ತರಿಸಿ ಎಸೆಯುವ ದಾರಿ ಮುಚ್ಚಿತು, ಅದನ್ನು ಮುರಿಯದೆ ಬಿಡಿಸಲೇಬೇಕಾಯಿತು. ಸ್ನೋಮೊಬೈಲ್ ರಿಪೇರಿಯಲ್ಲಿ ಕಾಣುವ ಅಪಾರ ತಾಳ್ಮೆಗೆ ಮೂಲ ಇಲ್ಲಿದೆ.

ಹಿಡಿದುಕೊಳ್ಳುವುದರಲ್ಲಿ ಎರಡು ಬಗೆ: ಓಡುತ್ತಾ ಹಿಡಿಯುವುದು, ನಿಂತು ಹಿಡಿಯುವುದು. ಓಡುತ್ತಾ ಹಿಡಿಯುವುದು ಟೂ-ಸ್ಟ್ರೋಕ್ ಎಂಜಿನ್ನಿನ ರೋಗ. ಮೊದಲ ಸ್ಕೀ-ಡೂಗಳಲ್ಲಿ ಇದ್ದದ್ದು ಫೋರ್-ಸ್ಟ್ರೋಕ್ ಎಂಜಿನ್. 1962ರಿಂದ ಆಸ್ಟ್ರಿಯಾದ ರೋಟಾಕ್ಸ್ ಟೂ-ಸ್ಟ್ರೋಕ್ ಎಂಜಿನ್‌ಗಳು ಬಂದವು. ಹಗುರ ಮೈ, ಕೊರೆಯುವ ಚಳಿಯಲ್ಲೂ ಬೇಗ ಹೊತ್ತಿಕೊಳ್ಳುವ ಗುಣ ಹಿಮಕ್ಕೆ ಹೇಳಿಮಾಡಿಸಿದಂತಿದ್ದವು. ಆದರೆ ಇಂಥ ಎಂಜಿನ್ನಿನಲ್ಲಿ ಎಣ್ಣೆಯ ತೊಟ್ಟಿ ಇರುವುದಿಲ್ಲ, ಪೆಟ್ರೋಲಿನ ಜತೆ ಬರುವ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ. ಹಿಂದೆ 20 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸುತ್ತಿದ್ದರು, ಎಣ್ಣೆಯ ಗುಣಮಟ್ಟ ಸುಧಾರಿಸಿದಂತೆ ಅದು 50ಕ್ಕೆ ಒಂದರವರೆಗೆ ಇಳಿಯಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಈ ಲೆಕ್ಕ ಹೊಸದಲ್ಲ. ಬಂಕಿನಲ್ಲಿ ಎಣ್ಣೆ ಹಾಕಿಸಲು ಮರೆತವರಿಗೆ ದಾರಿಯ ನಡುವೆ ಏನಾಗುತ್ತದೆ ಎಂಬುದೂ ಗೊತ್ತಿದ್ದದ್ದೇ.

ಹಿಮಸೀಮೆಯಲ್ಲಿ ಇದಕ್ಕೆ ಚಳಿಯ ಕಾಟವೂ ಸೇರಿಕೊಳ್ಳುತ್ತದೆ. ಉಷ್ಣಾಂಶ ಸೊನ್ನೆಯಿಂದ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಗಾಳಿ ಸುಮಾರು ಶೇ. 12ರಷ್ಟು ದಟ್ಟವಾಗುತ್ತದೆ. ಕಾರ್ಬ್ಯುರೇಟರ್ ಕೊಡುವ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ತೆಳುವಾಗಿ, ಅದರ ಜತೆ ಎಣ್ಣೆಯೂ ಸಾಲದೆ ಪಿಸ್ಟನ್ನಿನ ನೆತ್ತಿ ಕಾದುಹೋಗುತ್ತದೆ. ಇನ್ನೊಂದು ಅಪಾಯ ಬೆಳಗಿನ ಹೊತ್ತಿನದು. ತಣ್ಣಗಿನ ಎಂಜಿನ್ ಹೊತ್ತಿಸಿದ ಕೂಡಲೇ ಪೂರ್ತಿ ಎಕ್ಸಲರೇಟರ್ ಕೊಟ್ಟರೆ ಪಿಸ್ಟನ್ ಕಾಯುವಷ್ಟು ಬೇಗ ಸಿಲಿಂಡರ್ ಕಾಯುವುದಿಲ್ಲ. 70 ಮಿ.ಮೀ. ಅಗಲದ ಅಲ್ಯುಮಿನಿಯಂ ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.16 ಮಿ.ಮೀ. ಹಿಗ್ಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಬಿಟ್ಟಿರುವ ಸಂದು 0.1 ಮಿ.ಮೀ. ಆಸುಪಾಸು. ಸಿಲಿಂಡರ್ ಎರಕದ ಕಬ್ಬಿಣದ್ದಾದರೆ ಅದು ಹಿಗ್ಗುವ ಪ್ರಮಾಣವೇ ಅಲ್ಯುಮಿನಿಯಂನ ಅರ್ಧ, ಇನ್ನೂ ತಣ್ಣಗಿದ್ದರೆ ಅಷ್ಟೂ ಇಲ್ಲ. ಪಿಸ್ಟನ್ನಿನ ಮೈ ನಾಲ್ಕು ಕಡೆ ಸಿಲಿಂಡರಿಗೆ ಉಜ್ಜಿ, ಅಲ್ಯುಮಿನಿಯಂ ಕಿತ್ತು ಗೋಡೆಗೆ ಮೆತ್ತಿಕೊಳ್ಳುತ್ತದೆ. ಬಿಚ್ಚಿದಾಗ ಕಾಣುವ ಆ ನಾಲ್ಕು ಗೀರುಗಳ ಗುರುತಿನಿಂದಲೇ ಇದು ತಣ್ಣಗಿದ್ದಾಗ ಓಡಿಸಿದ ತಪ್ಪು ಎಂದು ಅನುಭವಿಗಳು ಹೇಳಬಲ್ಲರು. ಎಂಜಿನ್ ಆರಿದ ಮೇಲೆ ಇಂಥ ಪಿಸ್ಟನ್ ಎಷ್ಟೋ ಸಲ ತಾನೇ ಸಡಿಲವಾಗುತ್ತದೆ. ಗೋಡೆಗೆ ಮೆತ್ತಿದ್ದನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿಕಡ್ಡಿಯಿಂದ ಸವರುವ ಪದ್ಧತಿ ಬಂತು. ಆಮ್ಲ ಅಲ್ಯುಮಿನಿಯಂ ಅನ್ನು ನೊರೆಯೆಬ್ಬಿಸಿ ತಿನ್ನುತ್ತದೆ, ಕಬ್ಬಿಣವನ್ನು ಅಷ್ಟು ಬೇಗ ತಿನ್ನುವುದಿಲ್ಲ. ಅಲ್ಯುಮಿನಿಯಂ ಸಿಲಿಂಡರಿಗೆ ನಿಕಲ್ ಲೇಪ ಕೊಟ್ಟ ಹೊಸ ಎಂಜಿನ್‌ಗಳಲ್ಲಿ ಈ ಉಪಾಯ ಅಪಾಯಕಾರಿ, ಲೇಪ ಎಲ್ಲಾದರೂ ಬಿರಿದಿದ್ದರೆ ಆಮ್ಲ ಕೆಳಗಿನ ಅಲ್ಯುಮಿನಿಯಂಗೇ ಇಳಿಯುತ್ತದೆ.

ನಿಂತು ಹಿಡಿಯುವ ರೋಗ ಬೇಸಿಗೆಯದು. ಹಗಲು ಬಿಸಿ, ರಾತ್ರಿ ತಂಪು. ಶೆಡ್ಡಿನ ಗಾಳಿಯ ತೇವ ಎಂಜಿನ್ನಿನೊಳಗೆ ಹನಿಗಟ್ಟುತ್ತದೆ. ಟೂ-ಸ್ಟ್ರೋಕಿನ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುವುದರಿಂದ ಸೈಲೆನ್ಸರ್ ಮೂಲಕ ಹೊರಗಿನ ತೇವಕ್ಕೂ ದಾರಿ ಸಿಗುತ್ತದೆ. ಹಿಡಿದದ್ದು ಪಿಸ್ಟನ್ ಎಂದು ಎಲ್ಲರೂ ಹೇಳುತ್ತಾರಾದರೂ ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ, ಸಿಲಿಂಡರಿಗೆ ನಿಜವಾಗಿ ಕಚ್ಚಿಕೊಂಡಿರುವುದು ಪಿಸ್ಟನ್ ಸುತ್ತಲಿನ ಕಬ್ಬಿಣದ ರಿಂಗ್‌ಗಳು. ಇದು ತಿಳಿದವರ ಕೆಲಸವೇ ಬೇರೆ. ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಎಣ್ಣೆ ಸುರಿದು ದಿನಗಟ್ಟಲೆ ಬಿಡುತ್ತಾರೆ, ಎಣ್ಣೆ ರಿಂಗಿನ ಅಂಚು ಹುಡುಕಿಕೊಂಡು ಇಳಿಯಬೇಕು. ಮೊದಲು ಸೀಮೆಎಣ್ಣೆ, ಡೀಸೆಲ್ ಬಳಸುತ್ತಿದ್ದರು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಅರ್ಧಕ್ಕರ್ಧ ಅಸಿಟೋನ್ ಸೇರಿಸುವ ಮನೆಮದ್ದು ಈಚಿನದು. ಇವೆರಡು ಪೂರ್ತಿ ಬೆರೆಯುವುದಿಲ್ಲ, ಪ್ರತಿ ಸಲವೂ ಕುಲುಕಿ ಹಾಕಬೇಕು. ಅಸಿಟೋನ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುವುದರಿಂದ ಹತ್ತಿರ ದೀಪವೂ ಸಲ್ಲದು. ಎಣ್ಣೆ ಇಳಿದ ಮೇಲೆ ಕ್ರ್ಯಾಂಕಿನ ತುದಿಯ ಕ್ಲಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಬೇಕು. ಮೊದಲ ದಿನ ಏನೂ ಆಗುವುದಿಲ್ಲ. ಮೂರನೆಯ ದಿನವೋ ಐದನೆಯ ದಿನವೋ ಕೂದಲೆಳೆಯಷ್ಟು ಅಲುಗಿದರೆ ಕೆಲಸ ಗೆದ್ದಂತೆ. ಸ್ಟಾರ್ಟ್ ಮಾಡುವ ಹಗ್ಗ ಎಳೆದು ಬಿಡಿಸಲು ಹೋದರೆ ಅದರ ಹಲ್ಲುಗಳೇ ಮುರಿಯುತ್ತವೆ. ಅಷ್ಟಕ್ಕೂ ಬಗ್ಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಸರಿಯಾಗಿ ಕೂರುವ ಗಟ್ಟಿ ಮರದ ತುಂಡಿಟ್ಟು ನಡುಮಧ್ಯೆ ಮೆತ್ತಗೆ ಬಡಿಯುತ್ತಾರೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುವುದರಿಂದ ಒಂದನ್ನು ತಳ್ಳಿದರೆ ಇನ್ನೊಂದೂ ಸಡಿಲಗೊಳ್ಳುತ್ತದೆ. ಪಿಸ್ಟನ್ ಬಿಟ್ಟಿತೆಂದು ಹಿಗ್ಗುವಂತಿಲ್ಲ. ಅದೇ ತೇವ ಕ್ರ್ಯಾಂಕಿನ ಬೇರಿಂಗುಗಳಿಗೂ ತಟ್ಟಿರುತ್ತದೆ, ಅವು ಓಡಿದ ಕೆಲವೇ ಗಂಟೆಗಳಲ್ಲಿ ಕೈಕೊಡಬಹುದು.

ಎಂಜಿನ್ನಿನ ಆಚೆ, ಬಂಡಿಯ ಕೆಳಮೈಯಲ್ಲಿ ಶತ್ರು ಬೇರೆ. ಸವಾರರು ದೂರದ ಹಿಮದಾರಿಗಳಿಗೆ ಬಂಡಿಯನ್ನು ಟ್ರೇಲರ್ ಮೇಲೆ ಎಳೆದೊಯ್ಯತೊಡಗಿದರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ಕೆನಡಾದ ಹೆದ್ದಾರಿಗಳಲ್ಲಿ ಹಿಮ ಕರಗಿಸಲು ಉಪ್ಪು ಚೆಲ್ಲುವುದು ವ್ಯಾಪಕವಾಗಿತ್ತು. ಚಕ್ರದಿಂದ ಸಿಡಿದ ಉಪ್ಪುನೀರು ಸಸ್ಪೆನ್ಷನ್ನಿನ ಸಂದುಸಂದಿಗೆ ನುಗ್ಗುತ್ತದೆ. ಅಲ್ಲಿರುವುದು ಅಲ್ಯುಮಿನಿಯಂ ಶಾಫ್ಟು, ಅದರೊಳಗೆ ಉಕ್ಕಿನ ಬೋಲ್ಟು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಎಂದರೆ ಅದೊಂದು ಬ್ಯಾಟರಿ, ಸವೆಯುವುದು ಅಲ್ಯುಮಿನಿಯಂ. ಈ ಸಂಗತಿ ಮೊದಲು ಎದ್ದುಕಂಡದ್ದು ಹಡಗುಗಳಲ್ಲಿ. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ಕಬ್ಬಿಣದ ಮೊಳೆ ಬಡಿದಿತ್ತು. ಎರಡು ವರ್ಷದ ಮೇಲೆ ನೋಡಿದಾಗ ಮೊಳೆಗಳು ಕರಗಿ ತಗಡು ಕಳಚುತ್ತಿತ್ತು. ತಗಡು ಸುತ್ತಿ ತಂದಿದ್ದ ಕಂದು ಕಾಗದ ಎಲ್ಲಿ ಉಳಿದುಕೊಂಡಿತ್ತೋ ಅಲ್ಲಿನ ಮೊಳೆ ಮಾತ್ರ ಗಟ್ಟಿಯಾಗಿತ್ತು. ಸ್ನೋಮೊಬೈಲಿನಲ್ಲಿ ಸವೆದ ಅಲ್ಯುಮಿನಿಯಂ ಬಿಳಿಯ ಹುಡಿಯಾಗಿ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತಾ ಬೋಲ್ಟನ್ನು ಸುತ್ತಲಿಂದ ಅವುಚುತ್ತದೆ.

ಈ ಶಾಫ್ಟಿನದು ವಿಚಿತ್ರ ತೊಡಕು. ಅದು ಬಂಡಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಅಡ್ಡ ಹಾಯುತ್ತದೆ, ಎರಡೂ ತುದಿಗೆ ಒಂದೊಂದು ಬೋಲ್ಟು. ಒಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಹಿಡಿದುಕೊಂಡ ಬೋಲ್ಟು, ಶಾಫ್ಟು, ಆಚೆಯ ಬೋಲ್ಟು ಮೂರೂ ಒಟ್ಟಿಗೆ ತಿರುಗುತ್ತವೆ. ಸಾಮಾನ್ಯವಾಗಿ ಸುಲಭದ ತುದಿ ಮೊದಲು ಬಿಟ್ಟುಕೊಡುತ್ತದೆ. ಆಮೇಲೆ ಹಟಮಾರಿ ತುದಿಯ ಶಾಫ್ಟನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ಎರಡೂ ಕಡೆ ಒಟ್ಟಿಗೆ ಸ್ಪ್ಯಾನರ್ ಹಾಕಿ, ಎರಡೂ ಸಡಿಲವಾಗುವ ತನಕ ಯಾವುದನ್ನೂ ಪೂರ್ತಿ ಬಿಚ್ಚದಿರುವುದು ಬಲ್ಲವರ ಕ್ರಮ. ಅದು ತಪ್ಪಿದರೆ ಪಟ್ಟಿಯ ನಡುವೆ ಕೈ ತೂರಿಸಿ ಶಾಫ್ಟನ್ನೇ ಲಾಕ್ ಆಗುವ ಇಕ್ಕಳದಿಂದ ಕಚ್ಚಿಸಬೇಕು. ಈ ಇಕ್ಕಳ ನೆಬ್ರಾಸ್ಕಾದ ಡಿ ವಿಟ್ ಊರಿನ ಕಮ್ಮಾರ, ಡೆನ್ಮಾರ್ಕಿನಿಂದ ವಲಸೆ ಬಂದಿದ್ದ ವಿಲಿಯಂ ಪೀಟರ್ಸನ್ ಅವರ ಸೃಷ್ಟಿ. 1924ರಲ್ಲಿ ಪೇಟೆಂಟ್ ಪಡೆದ ಅದರ ಹೆಸರು ವೈಸ್-ಗ್ರಿಪ್. ಬೋಲ್ಟಿನ ತಲೆ ಸವೆದು ರೌಂಡ್ ಆದಾಗಲೂ ಮೊದಲು ನೆನಪಾಗುವ ಸಾಧನ ಇದೇ.

ಬಿಡಿಸುವ ಸಾಧನಗಳಲ್ಲಿ ಎಲ್ಲಕ್ಕಿಂತ ಹಳೆಯದು ಬೆಂಕಿ. ಕಮ್ಮಾರರು ನಟ್ಟನ್ನು ಕೆಂಪಗೆ ಕಾಯಿಸಿ ಬಿಡಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಕ್ಸಿ-ಅಸಿಟಿಲೀನ್ ಗ್ಯಾಸ್ ಬಂದ ಮೇಲೆ ಆ ಬೆಂಕಿ ಮನೆಯ ಶೆಡ್ಡಿಗೂ ಇಳಿಯಿತು. ನಟ್ಟು ಕಾಯಿಸಿ ಥ್ರೆಡ್ಡಿನ ಅಂಚಿಗೆ ಮೇಣದಬತ್ತಿ ತಾಕಿಸಿದರೆ ಕರಗಿದ ಮೇಣ ಒಳಗೆ ಎಳೆದುಕೊಂಡು ಜಾರಿಕೆ ಕೊಡುತ್ತದೆ, ತಲೆಮಾರುಗಳಿಂದ ನಡೆದು ಬಂದ ಈ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ. ಅಲ್ಯುಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುವುದರಿಂದ ಅಲ್ಯುಮಿನಿಯಂ ಮೈಯಲ್ಲಿ ಹೂತ ಉಕ್ಕಿನ ಬೋಲ್ಟಿಗೆ ಬಿಸಿ ಬಹಳ ಒಗ್ಗುತ್ತದೆ. ಆದರೆ ಉಕ್ಕು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸದೆ 660 ಡಿಗ್ರಿಯಲ್ಲಿ ದಿಢೀರನೆ ಕರಗಿ ಕೆಳಗೆ ಸುರಿಯುತ್ತದೆ. ಕೆಲವು ಹಳೆಯ ಬಂಡಿಗಳ ಮೆಗ್ನೀಸಿಯಂ ಭಾಗಗಳಿಗಂತೂ ಬೆಂಕಿ ತೋರಿಸಲೇಬಾರದು. ಮೆಗ್ನೀಸಿಯಂ ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಉರಿ ಹೆಚ್ಚುತ್ತದೆ.

ಎರಡನೆಯ ಸಾಧನ ಎಣ್ಣೆ. ತೆಳುವಾದ ಎಣ್ಣೆ ಕೂದಲಿಗಿಂತ ಕಿರಿದಾದ ಸಂದಿನೊಳಗೂ ದೀಪದ ಬತ್ತಿ ಎಣ್ಣೆ ಹೀರಿದಂತೆ ತಾನಾಗಿ ಏರುತ್ತದೆ, ಇಳಿಯುತ್ತದೆ. ಇದಕ್ಕೆಂದೇ ತಯಾರಾದ ಲಿಕ್ವಿಡ್ ರೆಂಚ್ 1941ರಲ್ಲಿ ಮಾರುಕಟ್ಟೆಗೆ ಬಂತು. ಇಂದು ಎಲ್ಲರ ಕೈಗೆ ಮೊದಲು ಸಿಗುವ ಡಬ್ಲ್ಯುಡಿ-40 ಬಂದದ್ದು ಬೇರೆ ಕೆಲಸಕ್ಕೆ. ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ನೀರನ್ನು ಓಡಿಸಿ ತುಕ್ಕು ತಡೆಯುವ ದ್ರವಕ್ಕಾಗಿ ಪ್ರಯೋಗ ನಡೆಸಿ ನಲವತ್ತನೆಯ ಸಲ ಗೆದ್ದಿತು, ಹೆಸರಿನ ಕೊನೆಯ ಅಂಕಿ ಅದೇ. ಅದರ ಮೊದಲ ದೊಡ್ಡ ಬಳಕೆ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. 1958ರಲ್ಲಿ ಅದು ಸ್ಪ್ರೇ ಡಬ್ಬಿಯಲ್ಲಿ ಅಂಗಡಿಗಳಿಗೆ ಬಂತು. ತೇವ ಓಡಿಸಲು ಅದು ಉತ್ತಮ. ವರ್ಷಗಟ್ಟಲೆ ಕಚ್ಚಿಕೊಂಡ ಬೋಲ್ಟಿಗೆ ಒಳಹೊಗುವ ಎಣ್ಣೆಯೇ ಬೇಕು, ಎಣ್ಣೆಗೆ ಒಂದು ರಾತ್ರಿಯಾದರೂ ಸಮಯ ಬೇಕು. ಹಿಡಿದ ಬೋಲ್ಟು ಮುರಿಯುವುದು ಬಹುಪಾಲು ಆ ರಾತ್ರಿಯನ್ನು ಉಳಿಸಲು ಹೋದವರ ಕೈಯಲ್ಲಿ.

ಮೂರನೆಯದು ಪೆಟ್ಟು. 1936ರಲ್ಲಿ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದ ಕೂಡುಗುರುತಿನ ಸ್ಕ್ರೂ ಎಲ್ಲ ವಾಹನಗಳಿಗೂ ಹರಡಿತು. ಹಿಡಿದ ಸ್ಕ್ರೂಗೆ ಬಲ ಹಾಕಿದರೆ ಸ್ಕ್ರೂಡ್ರೈವರ್ ಜಾರಿ ಮೇಲೆದ್ದು ಗುರುತನ್ನೇ ಕೆತ್ತಿಹಾಕುತ್ತದೆ. ಇದಕ್ಕೆ ಇಂಪ್ಯಾಕ್ಟ್ ಡ್ರೈವರ್ ಪರಿಹಾರ ಕೊಟ್ಟಿತು. ಅದರ ಹಿಡಿಕೆಯ ತಲೆಗೆ ಸುತ್ತಿಗೆಯಿಂದ ಹೊಡೆದರೆ ಅದೇ ಪೆಟ್ಟು ತುದಿಯನ್ನು ಸ್ಕ್ರೂವಿನೊಳಗೆ ಒತ್ತಿಹಿಡಿದು ಜತೆಗೇ ಚೂರು ತಿರುಗಿಸುತ್ತದೆ. ಥ್ರೆಡ್ಡಿನ ತುಕ್ಕು ಆ ಅದುರಿಗೆ ಬಿರಿಯುತ್ತದೆ.

ಮನೆಯಲ್ಲಿ ಹುಟ್ಟಿದ ಉಪಾಯಗಳಲ್ಲಿ ಅತ್ಯಂತ ಜಾಣತನದ್ದು ಕ್ಲಚ್ ಬಿಡಿಸುವುದು. ಸ್ನೋಮೊಬೈಲಿನ ಮುಂಕ್ಲಚ್ ಕ್ರ್ಯಾಂಕ್ ಶಾಫ್ಟಿನ ಕೋನಾಕಾರದ ತುದಿಗೆ ಬಿಗಿದು ಕೂತಿರುತ್ತದೆ. ಅದನ್ನು ತೆಗೆಯಲು ಪುಲ್ಲರ್ ಎಂಬ ಉದ್ದನೆಯ ಬೋಲ್ಟು ಬೇಕು. ಪುಲ್ಲರಿಗೂ ಬಗ್ಗದೆ ಹಿಡಿದಾಗ ಕ್ಲಚ್ಚಿನ ನಡುತೂತಿಗೆ ನೀರು ಅಥವಾ ಗ್ರೀಸ್ ತುಂಬಿ, ಪುಲ್ಲರಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿಯುತ್ತಾರೆ. ದ್ರವ ಕುಗ್ಗುವುದಿಲ್ಲ, ಹೊರಹೋಗಲು ಟೇಪ್ ಬಿಡುವುದಿಲ್ಲ. ಪುಲ್ಲರಿನ ಒಂದೊಂದು ಸುತ್ತಿಗೂ ಒಳಗಿನ ಒತ್ತಡ ಏರಿ, ಕೊನೆಗೆ ಗುಂಡು ಹಾರಿದಂಥ ಸದ್ದಿನೊಂದಿಗೆ ಕ್ಲಚ್ ಕಳಚಿಕೊಳ್ಳುತ್ತದೆ. ಕ್ಲಚ್ಚಿನ ನೇರಕ್ಕೆ ಯಾರೂ ನಿಲ್ಲುವುದಿಲ್ಲ.

ಎಲ್ಲ ಮಾಡಿಯೂ ಬೋಲ್ಟಿನ ತಲೆ ಮುರಿದರೆ ಉಳಿಯುವುದು ಡ್ರಿಲ್. ಎಡಕ್ಕೆ ತಿರುಗುವ ಬಿಟ್ ಹಾಕಿ ನಟ್ಟನಡುವೆ ಕೊರೆದರೆ ಕೊರೆಯುವ ಬಿಸಿಗೂ ಅದುರಿಗೂ ಎಷ್ಟೋ ಸಲ ತುಂಡು ತಾನೇ ಸುತ್ತಿಕೊಂಡು ಹೊರಬರುತ್ತದೆ. ಬಾರದಿದ್ದರೆ ಪೂರ್ತಿ ಕೊರೆದು, ತೂತಿಗೆ ಹೊಸ ಥ್ರೆಡ್ ಹಾಕಿ ಉಕ್ಕಿನ ತಂತಿಸುರುಳಿ ಕೂರಿಸುತ್ತಾರೆ. ಮತ್ತೆ ಜೋಡಿಸುವಾಗ ಬೋಲ್ಟಿಗೆ ತಾಮ್ರ ಅಥವಾ ನಿಕಲ್ ಹುಡಿ ಬೆರೆಸಿದ ಆ್ಯಂಟಿ-ಸೀಜ್ ಗ್ರೀಸ್ ಸವರುವುದು ವಾಡಿಕೆ. ‘ಅಲಾರ್ಮ್’ ಹಡಗಿನಲ್ಲಿ ಕಂದು ಕಾಗದ ಮಾಡಿದಂತೆ ಅದು ಉಪ್ಪುನೀರನ್ನು ಸಂದಿಗೆ ಬಾರದಂತೆ ತಡೆಯುತ್ತದೆ. ವಸಂತದಲ್ಲಿ, ಕೊನೆಯ ಹಿಮ ಕರಗುವ ಹೊತ್ತಿಗೆ, ಬಂಡಿಯ ಕೆಳಮೈಯನ್ನು ಸಿಹಿನೀರಿನಲ್ಲಿ ತೊಳೆದು ಎಲ್ಲ ನಿಪ್ಪಲ್‌ಗಳಿಗೂ ಗ್ರೀಸ್ ಒತ್ತುತ್ತಾರೆ. ಓಡುತ್ತಿರುವ ಎಂಜಿನ್ನಿನ ಬಾಯಿಗೆ, ಅದು ಬಿಳಿ ಹೊಗೆ ಉಗುಳಿ ತಾನಾಗಿ ನಿಲ್ಲುವವರೆಗೆ, ಎಣ್ಣೆಯ ಮಂಜು ಸಿಂಪಡಿಸುತ್ತಾರೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಪಟ್ಟಿ ನೆಲಕ್ಕೆ ತಾಕದಂತೆ ಹಿಂಭಾಗವನ್ನು ಎತ್ತಿ ನಿಲ್ಲಿಸಿದ ಮೇಲೆ ಶೆಡ್ಡಿನ ಬಾಗಿಲು ಮುಚ್ಚುತ್ತದೆ.